ತಾಹೇರಾ ಕೂಗಿದ ‘ಬುಡು’

ತಾಹೇರಾ ಸೋಮನಹಳ್ಳಿ ಪಕ್ಕದ ಆ ಊರಿಗೆ ಮೊದಲು ಬಂದ ದಿನ, ಆಟೋದಿಂದ ಇಳಿದವಳು ಯಾರ ಮುಖವನ್ನೂ ನೋಡಲಿಲ್ಲ. ಹಾಲಿನ ಡೈರಿ ಮುಂದಿನ ಬಯಲಲ್ಲಿ ಕೋಲಾಟಕ್ಕೆ ಸೇರಿದ್ದ ಹೆಂಗಸರ ಕಾಲುಗಳನ್ನೇ ನೋಡುತ್ತಾ ನಿಂತಳು. ಕಂಕುಳಲ್ಲಿ ಹಳೆಯ ವೇಲಿನಲ್ಲಿ ಸುತ್ತಿದ ಕೋಲುಗಳ ಕಟ್ಟು. ತಂಡದ ಮುಂದಾಳು ಚಿಕ್ಕನಂಜಮ್ಮನಿಗೆ ಆ ನೋಟ ಹಿಡಿಸಲಿಲ್ಲ.

“ಏನವ್ವ, ಬಂಡೂರು ಕುರಿ ಯಾಪಾರಕ್ಕೆ ಬಂದಂಗೆ ಕಾಲು ನೋಡ್ತಾ ನಿಂತಿದ್ದೀಯ?” ಅಂದಳು.

“ಕುರಿ ಆಗಿದ್ರೆ ಬಾಯಿ ಬುಡ್ಸಿ ಅಲ್ಲು ನೋಡ್ತಿದ್ದೆ ಕಣಕ್ಕ.”

ಹೆಂಗಸರೆಲ್ಲ ಗೊಳ್ಳೆಂದರು. ಚಿಕ್ಕನಂಜಮ್ಮ ನಗಲಿಲ್ಲ. ಅವಳ ಮುಂದಿನ ಹಲ್ಲು ಬಿದ್ದು ವರ್ಷವಾಗಿತ್ತು.

ತಾಹೇರಾಳನ್ನು ಕರೆಸಿದ್ದು ಮಹಿಳಾ ಸಂಘದ ಪುಷ್ಪಾ. ಹಿಂದಿನ ಸಲ ಮಂಡ್ಯದ ಕಾರ್ಯಕ್ರಮದಲ್ಲಿ ತಂಡದ ಮಾನ ಹೋಗಿತ್ತು. ಒಂದು ಕೋಪು, ಅಂದರೆ ಒಂದು ಬಗೆಯ ಹೆಜ್ಜೆ, ಮುಗಿದು ಇನ್ನೊಂದಕ್ಕೆ ಹೋಗುವಾಗ ಇವರು ನಿಂತುಬಿಡುತ್ತಿದ್ದರು. ಚಿಕ್ಕನಂಜಮ್ಮ ಮುಂದಿನ ಕೋಪಿನ ಹೆಸರು ಕೂಗುತ್ತಿದ್ದಳು. ಅಷ್ಟರಲ್ಲಿ ಒಬ್ಬಳು ಎಡಕ್ಕೆ, ಇನ್ನೊಬ್ಬಳು ಬಲಕ್ಕೆ. ಅವತ್ತು ತಂಡದ ಮೋಹಿನಿಯ ಕೋಲು ಕೈಜಾರಿ ಮುಂದಿನ ಸಾಲಿನಲ್ಲಿ ಕುಳಿತವರ ಮಡಿಲಿಗೆ ಬಿದ್ದಿತ್ತು.

ತಾಹೇರಾ ಮದ್ದೂರಿನವಳು. ಅವಳ ತಂದೆ ಲೇತ್ ಮೆಷೀನಿನಲ್ಲಿ ಕೋಲು ಮಾಡಿ ಮಾರುತ್ತಿದ್ದರು. ಊರೂರಿನ ತಂಡದವರು ಅಂಗಡಿ ಮುಂದೆಯೇ ಕುಣಿದು ಕೋಲಿನ ನಾದ ನೋಡುತ್ತಿದ್ದರು. ಜೋಡಿ ಸಾಲದಿದ್ದರೆ ಈ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು. ಅವಳು ಕಲಿತಿದ್ದು ಹಾಗೆ. ಮದುವೆಯಾಗಿ, ಗಂಡ ಬಾಬು ಜಾನ್ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಹಾಕಿದ ಮೇಲೂ ಕುಣಿತ ಅವಳ ಕೈಬಿಡಲಿಲ್ಲ.

“ನಿಮ್ ಕೋಪು ಚೆನ್ನಾಗೈತೆ,” ಅಂದಳು, ಎಲ್ಲ ನೋಡಿ. “ನಡುವೆ ಮಾತ್ರ ಸಂತೆ ಸೇರ್ತದೆ.”

ಅವಳ ಪಾಠ ಒಂದೇ. ಕೋಪಿನ ಕೊನೆಯ ಏಟನ್ನು ಹೊಡೆಯಬಾರದು. ಹೊಡೆಯಲು ಹೋದ ಕೋಲು ಎದುರಿನವಳ ಕೋಲಿಗೆ ತಾಗದೆ ಹಾಗೇ ಗಾಳಿಯಲ್ಲಿ ಸಾಗಬೇಕು. ಆ ಬೀಸಿಗೆ ಭುಜ ತಿರುಗುತ್ತದೆ, ಭುಜದ ಹಿಂದೆ ಕಾಲು ಬರುತ್ತದೆ, ತಿರುಗಿದ ಕಡೆ ಹೊಸ ಜೋಡಿ ಸಿಗುತ್ತಾಳೆ. ನಿಲ್ಲುವುದೇ ಬೇಡ. ಆ ಜಾಗ ಬಂದಾಗ ತಾಹೇರಾ “ಬುಡು!” ಎಂದು ಕೂಗುತ್ತಿದ್ದಳು.

ಆ ಮಾತೇ ಚಿಕ್ಕನಂಜಮ್ಮನಿಗೆ ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ ಊರಿನ ಕೆಲವರು, ಗಂಡನಿಲ್ಲದವಳು ಮುಂದೆ ನಿಂತು ಕೋಲು ಎತ್ತಬಾರದು, “ಅವಳನ್ನ ಬುಡುಸ್ಬುಡಿ” ಅಂದಿದ್ದರು. ಅವಳು ಜಗಳವಾಡಿ ಮುಂದಿನ ಜಾಗ ಉಳಿಸಿಕೊಂಡಿದ್ದಳು. ಆ ಜಾಗ ಬಿಟ್ಟರೆ ಅವಳಿಗೆ ಊರಲ್ಲಿ ಮುಂದೆ ನಿಲ್ಲಲು ಬೇರೆ ಜಾಗವಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ತಾಹೇರಾ ಪುಷ್ಪಾಳ ಜೊತೆ ಡೈರಿ ಜಗಲಿ ಮೇಲೆ ಹುಣಸೆ ಬೀಜ ಹರಡಿಕೊಂಡು ಕುಳಿತಿದ್ದಳು. ಒಂದೊಂದು ಬೀಜ ಒಬ್ಬೊಬ್ಬ ಹೆಂಗಸು. ಒಂದು ಕೋಪು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಶುರುವಾಗುವ ಇನ್ನೊಂದನ್ನು ಹುಡುಕಿ ಜೋಡಿಸುತ್ತಿದ್ದಳು. ಬಾಗಿಲ ಹಿಂದೆ ನಿಂತ ಚಿಕ್ಕನಂಜಮ್ಮ ಕಣ್ಣಿಟ್ಟು ನೋಡಿದಳು. ಎರಡು ಸಾಲು ಸರಿಯಾಗಿತ್ತು. ಒಂದು ಬೀಜ ಮಾತ್ರ ಸಾಲಿನ ಹೊರಗೆ, ಒಂಟಿಯಾಗಿ.

ಆಗಲೇ ತಾಹೇರಾ ಅಂದಳು: “ನಂಜಕ್ಕನ್ನ ಬುಡುಸ್ದೆ ಇದು ಆಗಕಿಲ್ಲ ಕಣ್ ಪುಷ್ಪಾ.”

ಚಿಕ್ಕನಂಜಮ್ಮ ಬಂದ ದಾರಿಯಲ್ಲೇ ಹಿಂದಿರುಗಿದಳು. ಅಂದು ಸಂಜೆ ಅಭ್ಯಾಸಕ್ಕೆ ಅವಳೆದುರು ತಾಹೇರಾ ತಾನೇ ಜೋಡಿಯಾಗಿ ನಿಂತಳು. ಇದೂ ಒಂದು ಹೂಟ ಎಂದುಕೊಂಡಳು ಚಿಕ್ಕನಂಜಮ್ಮ. ಕೋಪು ಮುಗಿಯುತ್ತಾ ಬಂತು. ತಾಹೇರಾ “ಬುಡು!” ಎಂದು ತನ್ನ ಕೋಲನ್ನು ಪಕ್ಕಕ್ಕೆ ಸರಿಸಿದಳು. ಚಿಕ್ಕನಂಜಮ್ಮ ಬಿಡಲಿಲ್ಲ. ಏಟು ಬಿತ್ತು, ಕೋಲಿಗಲ್ಲ, ಬೆರಳಿಗೆ.

“ಯಾ ಅಲ್ಲಾ!” ತಾಹೇರಾ ಕೈ ಹಿಡಿದುಕೊಂಡು ಅಲ್ಲೇ ಕುಳಿತಳು. “ಅಕ್ಕ, ಬುಡು ಅಂದ್ನಲ್ಲ!”

“ಯಾಕ್ ಬುಡ್ಲಿ? ನನ್ನ ಬುಡುಸ್ಬೇಕು ಅಂತ ಪುಷ್ಪನ್ ಕಿವಿ ಊದ್ತಿದ್ಯಲ್ಲ, ಕೇಳ್ಸ್ಕಂಡಿವ್ನಿ. ಆಚೆಗ್ ಮಡಗಿದ್ಯಲ್ಲ ಬೀಜ, ಅದ್ಯಾರು?”

ನೋವಿನಲ್ಲೂ ತಾಹೇರಾಗೆ ನಗು ಬಂತು. “ಅಯ್ಯೋ ನಿನ್ ಮನೆ ಕಾಯ್ವಾಗ! ಆ ಬೀಜ ನಾನು ಕಣಕ್ಕ. ಆಚೆ ನಿಂತು ನೋಡೋರು ಒಬ್ರು ಬೇಡ್ವ? ನಿನ್ ಕೈಲಿ ಕೊನೇ ಏಟು ಬುಡುಸ್ಬೇಕು ಅಂದಿದ್ದು. ಎಲ್ಲಾ ನಿನ್ ಕೋಲ್ ನೋಡ್ಕಂಡ್ ಕುಣಿಯೋರು. ನೀನ್ ಬುಡದೆ ಅವ್ರ್ ಯಾರೂ ಬುಡಕಿಲ್ಲ.”

“ಹೂಂ ಹೂಂ,” ಅಂದಳು ಚಿಕ್ಕನಂಜಮ್ಮ. ಪುಷ್ಪಾ ಹೌದೆಂದಳು, ಉಳಿದವರೂ ಹೌದೆಂದರು. ಎಲ್ಲರೂ ಒಟ್ಟಿಗೆ ಹೌದೆಂದಿದ್ದರಿಂದ ಅವಳ ಅನುಮಾನ ಇನ್ನಷ್ಟು ಗಟ್ಟಿಯಾಯಿತು. ಆದರೂ ಮನೆಗೆ ಹೋಗಿ ಅರಿಶಿನ ಬಿಸಿ ಮಾಡಿ ತಂದು ಆ ಬೆರಳಿಗೆ ಹಚ್ಚಿದಳು. ಮರುದಿನದಿಂದ ಹಿತ್ತಿಲಲ್ಲಿ, ಯಾರೂ ಕಾಣದಂತೆ, ಒಲೆಯ ಊದುಕೊಳವೆ ಹಿಡಿದು ಗಾಳಿಗೆ ಬೀಸಿ ನೋಡತೊಡಗಿದಳು. ನಿಜವಾಗಿಯೂ ಭುಜ ತಾನಾಗಿ ತಿರುಗುತ್ತಿತ್ತು. ಅದೂ ಅವಳಿಗೆ ಅನುಮಾನಕ್ಕೇ ಕಾರಣವಾಯಿತು: ಇಷ್ಟು ಸುಲಭದ್ದನ್ನು ಒಬ್ಬಳು ಪುಕ್ಕಟೆ ಯಾಕೆ ಹೇಳಿಕೊಡುತ್ತಾಳೆ?

ಈ ಸಲದ ಮಂಡ್ಯದ ಕಾರ್ಯಕ್ರಮದ ದಿನ ಮೋಹಿನಿಗೆ ಜ್ವರ. ಅವಳ ಜಾಗ ಚಿಕ್ಕನಂಜಮ್ಮನ ಎದುರಿನದು. ಅಲ್ಲಿ ತಾಹೇರಾ ನಿಲ್ಲಬೇಕಾಯಿತು. ಈ ಜ್ವರದಲ್ಲೂ ಏನೋ ಮಸಲತ್ತಿದೆ ಎಂದು ಚಿಕ್ಕನಂಜಮ್ಮನಿಗೆ ಇಂದಿಗೂ ಅನ್ನಿಸುತ್ತದೆ. ಕುಣಿತ ಮುಗಿದದ್ದೇ ತಾಹೇರಾ, ಹೊರಗೆ ಕಾಯುತ್ತಿದ್ದ ಬಾಬು ಜಾನನ ಗಾಡಿ ಹತ್ತಿ ಹೊರಟಳು. ಅವನು ಅಂಗಡಿಯನ್ನು ಮಳವಳ್ಳಿಗೆ ಸಾಗಿಸುತ್ತಿದ್ದ, ಸಾಮಾನು ಆಗಲೇ ಹೋಗಿತ್ತು. ಮತ್ತೆ ಅವರು ಮುಖಾಮುಖಿ ಆಗಲಿಲ್ಲ.

ಅವತ್ತಿನ ವಿಡಿಯೋ ಪುಷ್ಪಾಳ ಫೋನಿನಲ್ಲಿದೆ. ಚಿಕ್ಕನಂಜಮ್ಮ ಆಗಾಗ ಹಾಕಿಸಿಕೊಂಡು ನೋಡುತ್ತಾಳೆ. ಒಂದು ಕೋಪು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಹುಟ್ಟಿತು, ಗೊತ್ತೇ ಆಗುವುದಿಲ್ಲ. ಮುಂದಿನ ಜಾಗದಲ್ಲಿ ಅವಳೇ ಇದ್ದಾಳೆ. ಅವಳ ಕೋಲು ಎದುರಿನ ಕೈಯ ಪಕ್ಕದಲ್ಲೇ ಹಾದು, ತಾಗದೆ, ಗಾಳಿಯಲ್ಲಿ ಸಾಗುತ್ತದೆ.

ತಾಳ ಶುರುವಾಗುವ ಮುಂಚಿನದು ಮಾತ್ರ ಆ ವಿಡಿಯೋದಲ್ಲಿಲ್ಲ. ಆಗ ತಾಹೇರಾ ಕಾಲು ನೋಡಲಿಲ್ಲ. ಚಿಕ್ಕನಂಜಮ್ಮನ ಮುಖವನ್ನೇ ನೋಡಿ, ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ತೋರಿಸಿ ಕೇಳಿದಳು:

“ಅಕ್ಕ, ಇವತ್ತಾದ್ರೂ ಬುಡ್ತೀಯಾ, ಇಲ್ಲ ಇನ್ನೊಂದ್ ಕೈ ಬೆಳ್ಳೂ ಕೊಡ್ಲಾ?”