ಎದುರುಮನೆ ಅಂಕಲ್ ಮತ್ತು ಆರನೆಯ ವಾಷರ್

ಎದುರುಮನೆ ಅಂಕಲ್‌ಗೆ ಎಡಗೈ ತೋರುಬೆರಳಿನ ತುದಿ ಇರಲಿಲ್ಲ. ಉಗುರು ಇರಬೇಕಾದ ಜಾಗದಲ್ಲಿ ನುಣ್ಣಗೆ ಹೊಳೆಯುವ ಚರ್ಮ. ಆ ಮೊಂಡು ಬೆರಳನ್ನು ಗೇರಿನ ಹಲ್ಲುಗಳ ಮೇಲೆ ಆಡಿಸಿ, ಎಲ್ಲಿ ಸವೆದಿದೆ, ಎಲ್ಲಿ ಇಲ್ಲ ಎಂದು ಹೇಳಿಬಿಡುತ್ತಿದ್ದರು. "ಈ ಬೆರಳಿಗೆ ಕಣ್ಣು ಜಾಸ್ತಿ ಕಣಮ್ಮ" ಎಂದು ನಗುತ್ತಿದ್ದರು. ನಾನು ಮಾತ್ರ ಬೆರಳು ಬಿಟ್ಟು ಅವರ ಶರಟಿನ ಜೇಬನ್ನೇ ನೋಡುತ್ತಿದ್ದೆ.

ಅನುಮಾನ ನನ್ನ ಹೊಟ್ಟೆಪಾಡು. ವಿಮೆ ಕಚೇರಿಯಲ್ಲಿ ಕ್ಲೇಮುಗಳನ್ನು ಪರಿಶೀಲಿಸುತ್ತೇನೆ. ದಿನವಿಡೀ ಸುಳ್ಳು ಹುಡುಕುವವಳಿಗೆ ಮನೆಗೆ ಬಂದ ಮೇಲೂ ಆ ಬುದ್ಧಿ ಬಿಡುವುದಿಲ್ಲ. ತರಕಾರಿಯವನ ತಕ್ಕಡಿ, ಸಿಲಿಂಡರಿನ ಸೀಲು, ಎಲ್ಲದರ ಮೇಲೂ ನನ್ನದೊಂದು ಕಣ್ಣು. ಅದೂ ಅಲ್ಲದೆ ಅಂಕಲ್ ವಿಷಯದಲ್ಲಿ ಗಟ್ಟಿ ಕಾರಣವೇ ಇತ್ತು. ಅಪ್ಪ ಇದ್ದಾಗ ಒಮ್ಮೆ ಅವರು ನಮ್ಮ ಗೇಟಿನ ಬಳಿ ನಿಂತು, ಅಪ್ಪನ ಹಳೇ ಬೈಕನ್ನು ನೋಡುತ್ತಾ, "ಮಾರೋದಾದ್ರೆ ಫಸ್ಟ್ ನನಗೆ ಹೇಳಿ ಸಾರ್" ಎಂದಿದ್ದರು. ಅದನ್ನು ನಾನು ಮರೆತಿರಲಿಲ್ಲ.

ಅಪ್ಪ ಹೋದ ಮೇಲೆ ಆ ಬೈಕು ಬನಶಂಕರಿಯ ನಮ್ಮ ಮನೆಯ ಪೋರ್ಟಿಕೋದಲ್ಲಿ ಎರಡು ವರ್ಷ ನಿಂತೇ ಇತ್ತು. ಎರಡನೇ ಗೇರು ನಿಲ್ಲುತ್ತಿರಲಿಲ್ಲ. ಹಾಕಿದ ಮರುಕ್ಷಣ ಟಕ್ಕೆಂದು ನ್ಯೂಟ್ರಲ್‌ಗೆ ಜಾರುತ್ತಿತ್ತು. ಬೆಳಗ್ಗೆ ಎದ್ದರೆ ಅದರ ಮುಖ ನೋಡಬೇಕಲ್ಲ ಎಂದು ಅಮ್ಮನಿಗೆ ಸಂಕಟ. "ಆಯುಧಪೂಜೆ ಹೊತ್ತಿಗೆ ಓಡಿದ್ರೆ ಇರ್ಲಿ. ಇಲ್ದಿದ್ರೆ ಗುಜರಿಯವನಿಗೆ ಕೊಟ್ಬಿಡ್ತೀನಿ, ಆಮೇಲೆ ನನ್ಮುಂದೆ ಅಳ್ಬೇಡ" ಎಂದು ಗಡುವು ಕೊಟ್ಟಳು. ಅಪ್ಪ ನನ್ನನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದ ಬೈಕು ಅದು. ಗುಜರಿಗೆ ಹೋಗಲು ನಾನು ಬಿಡುವವಳಲ್ಲ. ಹಾಗಂತ ಗ್ಯಾರೇಜಿಗೆ ಕೊಟ್ಟರೆ ಒಳ್ಳೆಯ ಬಿಡಿಭಾಗ ತೆಗೆದುಕೊಂಡು ಕೆಟ್ಟದ್ದನ್ನು ಹಾಕುತ್ತಾರೆ ಎಂಬ ಭಯ. ಫೋನಿನಲ್ಲಿ ನಾಲ್ಕು ವಿಡಿಯೋ ನೋಡಿ, ಗೇರ್‌ಬಾಕ್ಸನ್ನು ನಾನೇ ಬಿಚ್ಚುತ್ತೇನೆಂದು ಕೂತೆ.

ಮೊದಲ ಶನಿವಾರ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದಾಗ ಅಂಕಲ್ ಗೇಟು ತೆಗೆದು ಒಳಗೆ ಬಂದರು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು.

"ಆಯಿಲ್ ಇಳಿಸಿದ್ಯಾ?"

"ಇಲ್ಲ ಅಂಕಲ್."

"ಹಂಗಾದ್ರೆ ಇವತ್ತಿಗೆ ಅಷ್ಟೇ ಕೆಲ್ಸ. ಇಳಿಸ್ಬಿಟ್ಟು ಕೈ ತೊಳ್ಕೋ."

ಆಮೇಲೆ ಶನಿವಾರ, ಭಾನುವಾರ ತಪ್ಪದೆ ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಿದ್ದರೇ ಹೊರತು ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಬಿಚ್ಚಿದ ಪ್ರತಿಯೊಂದನ್ನೂ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡಿಸಿ, ಕೆಂಪು ನೆಲದ ಮೇಲೆ ಅದರ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ನಂಬರು ಬರೆಸುತ್ತಿದ್ದರು. ಅವಸರ ಮಾಡಿದರೆ, "ಈಗ ಓಡು, ಮುಚ್ಚೋವಾಗ ಅಳು" ಎನ್ನುತ್ತಿದ್ದರು. ಒಂದು ಕೆಟ್ಟ ಅಭ್ಯಾಸವೂ ಇತ್ತು. ಮಾತಾಡುತ್ತಾ ಆಡುತ್ತಾ ಸಣ್ಣಪುಟ್ಟ ನಟ್ಟುಗಳನ್ನು ಜೇಬಿಗೆ ಹಾಕಿಕೊಳ್ಳುವರು. ಹೊರಡುವಾಗ ಜೇಬು ತಟ್ಟಿಕೊಂಡು, "ತಗೋ, ಉರುಳಿ ಹೋಗ್ತಿತ್ತು" ಎಂದು ವಾಪಸು ಕೊಡುವರು. ಹೋದದ್ದೆಲ್ಲ ಬಂತೇ ಎಂದು ನನಗೆ ಪ್ರತಿಸಲವೂ ಅನುಮಾನ. ಎಲ್ಲದರ ಫೋಟೋ ತೆಗೆದಿಟ್ಟೆ. ಗೇರುಗಳನ್ನು ಅದಲುಬದಲು ಮಾಡಬಾರದೆಂದು ಒಂದೊಂದಕ್ಕೂ ನೇಲ್ ಪಾಲಿಶ್‌ನ ಕೆಂಪು ಚುಕ್ಕೆ ಇಟ್ಟೆ.

ಅಂಕಲ್ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ! "ಏನಮ್ಮ, ಗೇರಿಗೂ ಅಲಂಕಾರನಾ? ಮುಚ್ಚೋ ಮುಂಚೆ ಒರೆಸ್ಬಿಡು, ಆಯಿಲಲ್ಲಿ ಉದುರುತ್ತೆ" ಎಂದರು. ಯಾಕೆ ಇಟ್ಟೆ ಎಂದು ಕೇಳಲಿಲ್ಲ.

ಕೊನೆಗೆ ರೋಗ ಸಿಕ್ಕಿತು. ಗೇರನ್ನು ಪಕ್ಕಕ್ಕೆ ಸರಿಸುವ ಫೋರ್ಕು ಕೂದಲೆಳೆಯಷ್ಟು ಬಾಗಿತ್ತು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸುತ್ತಿ ಇನ್ನೊಂದು ತಂದೆ. ಆಯುಧಪೂಜೆಗೆ ಐದು ದಿನವಿತ್ತು. ಕಚೇರಿಗೆ ರಜೆ ಹಾಕಿ ಜೋಡಿಸಲು ಕೂತು ಲೆಕ್ಕ ಹಾಕಿದರೆ, ತೀರಾ ಸಣ್ಣವನ್ನು ಹಾಕಿಟ್ಟಿದ್ದ ಆಯಿಲ್ ಬಟ್ಟಲಿನಲ್ಲಿ ಆರು ಇರಬೇಕಾದ ತೆಳ್ಳನೆಯ ವಾಷರ್ ಐದೇ ಇವೆ. ಫೋಟೋದಲ್ಲಿ ಆರು. ಶಾಫ್ಟಿನ ತುದಿಗೆ ಅದಿಲ್ಲದಿದ್ದರೆ ಮಾಡಿದ್ದೆಲ್ಲ ದಂಡ.

"ಅಂಕಲ್, ನಿಮ್ಮ ಜೇಬಲ್ಲಿದ್ಯಾ ನೋಡಿ" ಎಂದೆ. ಮಾತು ಸಾಧಾರಣವೇ, ದನಿ ಕಚೇರಿಯದು. "ಮೊದಲಿಂದ್ಲೂ ನಿಮಗೆ ಈ ಗಾಡಿ ಮೇಲೆ ಕಣ್ಣಿತ್ತಲ್ಲ" ಎಂದೂ ಸೇರಿಸಿಬಿಟ್ಟೆ.

ಅವರು ಎದ್ದು ನಿಂತು ಶರಟಿನ ಜೇಬು, ಪ್ಯಾಂಟಿನ ಎರಡೂ ಜೇಬು ಹೊರಗೆಳೆದು ತೋರಿಸಿದರು. ಕನ್ನಡಕ ಒರೆಸುವ ಬಟ್ಟೆ, ಎರಡು ಲವಂಗ, ಒಂದು ಸೀಮೆಸುಣ್ಣದ ತುಂಡು. "ಹುಡುಕಮ್ಮ, ಇಲ್ಲೇ ಎಲ್ಲೋ ಇರುತ್ತೆ" ಎಂದು ಮನೆಗೆ ಹೋದರು.

ಇನ್ನು ಬರುವುದಿಲ್ಲ ಎಂದುಕೊಂಡೆ. ಮಾರನೆಯ ದಿನ ಅದೇ ಹೊತ್ತಿಗೆ ಬಂದರು. ಹೊರಡುವಾಗ ನಾನು ಕೇಳದಿದ್ದರೂ ಜೇಬುಗಳನ್ನು ಹೊರಗೆಳೆದು ತೋರಿಸಿಯೇ ಗೇಟು ದಾಟಿದರು. ಅದರ ಮರುದಿನವೂ ಅಷ್ಟೇ.

ಅಂದು ಅವರು ಹೋದ ಮೇಲೆ ಬಟ್ಟಲಿಗೆ ಸೀಮೆಎಣ್ಣೆ ಸುರಿದು ವಾಷರ್‌ಗಳನ್ನು ಉಜ್ಜುತ್ತಿದ್ದೆ. ನನ್ನ ಬೆರಳ ನಡುವೆಯೇ ಒಂದು ವಾಷರ್ ಜಾರಿ ಎರಡಾಯಿತು. ಆಯಿಲ್ ಅಂಟಿನಲ್ಲಿ ಒಂದರ ಬೆನ್ನಿಗೆ ಇನ್ನೊಂದು ಕಚ್ಚಿಕೊಂಡು ಕೂತಿತ್ತು. ಆಗಲೇ ರಸ್ತೆ ದಾಟಿ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮರುದಿನ ಅಂಕಲ್ ಬಂದಾಗ, "ಅಂಗಡಿಯಿಂದ ಹೊಸದು ತಂದೆ" ಎಂದುಬಿಟ್ಟೆ. ಸುಳ್ಳು ಹಿಡಿಯುವುದೇ ಕೆಲಸವಾದವಳು ಇಷ್ಟು ಕಳಪೆ ಸುಳ್ಳು ಹೇಳಬಾರದು.

ಅಂಕಲ್ ಆ ವಾಷರನ್ನು ಮೊಂಡು ಬೆರಳಿನ ಮೇಲೆ ಇಟ್ಟುಕೊಂಡು ನಿಧಾನವಾಗಿ ಸವರಿದರು. ಮೂವತ್ತು ವರ್ಷ ಉಜ್ಜಿ ಸವೆದ ವಾಷರ್ ಅದು.

"ಒಳ್ಳೇ ಅಂಗಡಿ. ಸೈಜು ಕರೆಕ್ಟಾಗಿ ಕೊಟ್ಟಿದಾರೆ" ಎಂದರು.

ಅಂದು ಹೊರಡುವಾಗಲೂ ಜೇಬುಗಳನ್ನು ತೋರಿಸಿದರು. ನಾನು ತಲೆ ತಗ್ಗಿಸಿ ಸ್ಪ್ಯಾನರ್ ಒರೆಸುತ್ತಾ ಕೂತಿದ್ದೆ.

ಆಯುಧಪೂಜೆಯ ದಿನ ಅಮ್ಮ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟಳು. ಎರಡನೇ ಗೇರಿನಲ್ಲಿ ಬೀದಿಯ ಕೊನೆಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ, ಒಮ್ಮೆಯೂ ಜಾರಲಿಲ್ಲ. ಅಂಕಲ್ ತಮ್ಮ ಗೇಟಿನ ಒಳಗೇ ನಿಂತು, ಕಣ್ಣು ಮುಚ್ಚಿ ಶಬ್ದ ಕೇಳುತ್ತಿದ್ದರು. ಬಂದು ಕೂರಿ ಎಂದು ಕರೆಯಬೇಕಿತ್ತು. ಕರೆದರೆ ವಾಷರ್ ಮಾತು ಬರುತ್ತದೆ ಎಂದು ಕೈಬೀಸಿ ಒಳಗೆ ಹೋದೆ. ಆಮೇಲೆ ನಾಲ್ಕು ತಿಂಗಳು, ಪ್ರತಿ ಭಾನುವಾರ, ಮುಂದಿನ ಭಾನುವಾರ ಹೇಳೋಣ ಎಂದುಕೊಂಡೆ.

ಶಿವರಾತ್ರಿ ಕಳೆದ ವಾರ ಅಂಕಲ್ ನಿದ್ದೆಯಲ್ಲೇ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದು, ಬಂದವರೆಲ್ಲ ಹೊರಟ ಮೇಲೆ ಅವರ ಹೆಂಡತಿಯ ಪಕ್ಕ ಕೂತೆ.

"ಆಂಟಿ, ಆ ವಾಷರ್... ಅಂಗಡಿಯಿಂದ ತಂದಿದ್ದಲ್ಲ. ನಮ್ಮನೇಲೇ ಇತ್ತು."

"ಗೊತ್ತಮ್ಮ. ಅವತ್ತೇ ಬಂದು ಹೇಳಿದ್ರು" ಎಂದರು ಆಂಟಿ. ಆಮೇಲೆ ಮಂಡಿ ಹಿಡಿದುಕೊಂಡು ಎದ್ದರು. "ಆ ಮಗು ಒಂದಿನ ಹೇಳಕ್ಕೆ ಬರ್ತಾಳೆ, ಬಂದಾಗ ನೀನೇನೂ ಕೇಳ್ಬೇಡ, ಕಾಫಿ ಕೊಡು ಅಂದಿದ್ರು. ಕೂತ್ಕೋ, ಹಾಲು ಇಡ್ತೀನಿ."