ಕುಟ್ಟಾಣಿಗೆ ಬಿದ್ದ ವಜ್ರ

ಶುಂಠಿ ಜಜ್ಜುವ ವಾಸನೆ ಬಂದರೆ ಎಲ್ಲರಿಗೂ ಚಹಾ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆ ಪಕ್ಕದ ಫ್ಲ್ಯಾಟಿನ ಹುಡುಗಿ ಕಬ್ಬಿಣದ ಕುಟ್ಟಾಣಿಯಲ್ಲಿ ಟಕಟಕ ಎಂದು ಶುಂಠಿ ಕುಟ್ಟತೊಡಗಿದಳು. ನಾನು ಓದುತ್ತಿದ್ದ ಪೇಪರನ್ನು ಮಡಚಿಟ್ಟೆ. ಕಾಕುವಿನ ಖೋಲಿಯ ಆ ಮಧ್ಯಾಹ್ನ ಕಣ್ಣಮುಂದೆ ಬಂತು...

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ವಿಜಾಪುರದಿಂದ ಮುಂಬಯಿಯ ಗೋರೆಗಾಂವ್‌ನ ಚಾಳಿಗೆ ಬಂದಾಗ ಪಕ್ಕದ ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಇದ್ದವರು ಕಾಕು. ಧಾರವಾಡದ ಕಡೆಯವರು. ನಳದ ಹತ್ತಿರ ನನ್ನ ಕೊಡವನ್ನು ಹಿಂದೆ ತಳ್ಳಿದವರೊಡನೆ ಮರಾಠಿಯಲ್ಲಿ ಜಗಳ ತೆಗೆದು, ನನ್ನ ಕೊಡ ತುಂಬಿಸಿಕೊಟ್ಟೇ ಒಳಗೆ ಹೋದವರು. ಮೈಮೇಲೆ ಒಡವೆ ಎಂದರೆ ತಾಳಿ, ಬಿಟ್ಟರೆ ಒಂಟಿ ವಜ್ರದ ಮೂಗುತಿ. ಅವರ ಅತ್ತೆ ಹಾಸಿಗೆ ಹಿಡಿದು ಮಲಗಿದಾಗ ಹಿರಿಸೊಸೆ ಇಣುಕಿ ನೋಡಲಿಲ್ಲ. ಹೇಲು ಉಚ್ಚೆ ಬಳಿದವರು ಕಾಕು. ಮೂಗುತಿ ಹಿರಿಸೊಸೆಗೇ ಹೋಗಬೇಕೆಂಬುದು ಆ ಮನೆಯ ಪದ್ಧತಿ. ಅತ್ತೆ ಅದನ್ನು ಮುರಿದು, ತಮ್ಮ ಮೂಗಿನಿಂದ ಬಿಚ್ಚಿ ಕಾಕುವಿನ ಮೂಗಿಗೆ ತಾವೇ ಹಾಕಿದ್ದರಂತೆ.

ಅದು ಕಾಕುವಿನ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ನುಂಗಲಾರದ ತುತ್ತಾಗಿತ್ತು. ಮಗನ ಮದುವೆಯ ಜವಳಿಗೆಂದು ಮುಂಬಯಿಗೆ ಬಂದವನು ತಮ್ಮನ ಖೋಲಿಯಲ್ಲಿ ಉಳಿದ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ಮನಸ್ಸಿಲ್ಲ. ಶುಂಠಿ ಹಾಕಿದ ಚಹಾ ಕುಡಿದು, ಮತ್ತೊಂದು ಬಟ್ಟಲು ಕೇಳಿ ಕುಡಿದು, ಆಮೇಲೆ ಮೂಗುತಿ ನೋಡಬೇಕೆಂದ. ಕಾಕು ಬಿಚ್ಚಿ ಕೊಟ್ಟರು. ಚಕ್ಕುಲಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ.

"ಇದು ಅವ್ವನ ಹರಳು ಅಲ್ಲ. ಮುಂಬಯಿಗೆ ಬಂದ್ಮ್ಯಾಲೆ ಮಾರಿಕೊಂಡು ಕಾಜು ಕೂಡಿಸೀರಿ," ಎಂದ. ಕಾಜೆಂದರೆ ಗಾಜು. "ಖರೇ ವಜ್ರ ಇದ್ರ ಪೆಟ್ಟಿಗೆ ಒಡಿಯಂಗಿಲ್ಲ. ಈಗ ಗೊತ್ತಾಗ್ತದ."

"ಬ್ಯಾಡ್ರಿ ಭಾವನವರ," ಎಂದರು ಕಾಕು. "ವಜ್ರಕ್ಕ ಗೀರು ಬೀಳಂಗಿಲ್ಲ, ಪೆಟ್ಟು ಬಿದ್ರ ಒಡೀತದ ಅಂತ ಅತ್ತಿಯವರ ಹೇಳ್ಯಾರ."

ಅವನು ಕೇಳುತ್ತಾನೆಯೇ? ಹರಳನ್ನು ಚಿನ್ನದಿಂದ ಬಿಡಿಸಿದ. ತನ್ನ ಬೆರಳಿನ ಮಾಣಿಕ್ಯದ ಉಂಗುರಕ್ಕೆ ಪೆಟ್ಟಾದೀತೆಂದು ಅದನ್ನು ಜೋಪಾನವಾಗಿ ತೆಗೆದು ಮಣೆಯ ಮೇಲಿಟ್ಟ. ನೋಡಿ, ತನ್ನ ಕಲ್ಲಿನ ಬಗ್ಗೆ ಎಷ್ಟು ಕಾಳಜಿ! ಶುಂಠಿಯ ನಾರು ಇನ್ನೂ ಅಂಟಿಕೊಂಡಿದ್ದ ಕುಟ್ಟಾಣಿಯಲ್ಲಿ ವಜ್ರವನ್ನಿಟ್ಟು ಬಲವಾಗಿ ಕುಟ್ಟಿದ.

ಹರಳು ಚೂರಾಯಿತು.

"ಕಾಜು! ನಾ ಹೇಳಿದ್ದಿಲ್ಲೇನು?" ಎಂದು ಇಡೀ ಚಾಳಿಗೆ ಕೇಳುವಂತೆ ಕೂಗಿದ. ಕಾಕುವಿನ ಗಂಡ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಎದುರಿನ ಗೋಡೆ ಬಿಟ್ಟರೆ.

ಕಾಕು ಅಳಲಿಲ್ಲ. ಕುಟ್ಟಾಣಿಯೊಳಗಿಂದ ದೊಡ್ಡದೊಂದು ಚೂರು ಹೆಕ್ಕಿದರು. ಮಣೆಯ ಮೇಲಿನ ಉಂಗುರ ಎತ್ತಿಕೊಂಡು ಮಾಣಿಕ್ಯದ ಮೇಲೆ ಆ ಚೂರನ್ನು ಒತ್ತಿ ಎಳೆದರು. ಕೆಂಪು ಕಲ್ಲಿನ ಮೇಲೆ ಬೆಳ್ಳಗೆ ಗೆರೆ ಬಿತ್ತು.

"ಕಾಜಿನಿಂದ ಮಾಣಿಕ್ಯಕ್ಕ ಗೀರು ಬೀಳ್ತದೇನ್ರಿ?"

ಬೀಳುವುದಿಲ್ಲ. ಗಾಜಿರಲಿ, ಸ್ಫಟಿಕ, ಪಚ್ಚೆ, ಪುಷ್ಯರಾಗ ಯಾವುದನ್ನು ತಂದು ಉಜ್ಜಿದರೂ ಮಾಣಿಕ್ಯ ಜಗ್ಗುವುದಿಲ್ಲ. ಅದನ್ನು ಹೀಗೆ ಗೀರುವ ರತ್ನ ವಜ್ರವೊಂದೇ. ಇದು ಆ ಮನುಷ್ಯನಿಗೂ ಗೊತ್ತಿತ್ತು, ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಬಾಯಿಂದ ಬಂದದ್ದೇನು? "ನನ್ನ ಹರಳು ಕೆಡಿಸಿದ್ಲು ನೋಡೋ!" ಎಂದು ತಮ್ಮನಿಗೆ ದೂರು! ಆ ತಮ್ಮನಾದರೂ ಏನೆಂದರು? "ಹೋಗ್ಲಿ ಬಿಡು, ಹಿರ್ಯಾರು" ಎಂದು ಹೆಂಡತಿಗೇ ಹೇಳಿದರು. 

ಮರುದಿನ ನಾನೂ ಕಾಕುವೂ ಲೋಕಲ್ ಹಿಡಿದು ಝವೇರಿ ಬಜಾರಿಗೆ ಹೋದೆವು. ವಜ್ರದ ವ್ಯಾಪಾರಿ ಭೂತಗನ್ನಡಿಯಲ್ಲಿ ಚೂರುಗಳನ್ನು ನೋಡಿ, ವಜ್ರವೇ, ಒಳ್ಳೆಯ ನೀರಿನದು, ಅಂದರೆ ಒಳ್ಳೆಯ ಹೊಳಪಿನದು ಎಂದ. ಇಡಿಯಾಗಿದ್ದರೆ ತೂಕ, ಬಣ್ಣ, ಒಳಗಿನ ಶುದ್ಧಿ, ಕಡೆದ ರೀತಿ ಎಲ್ಲ ನೋಡಿ ಬೆಲೆ ಕಟ್ಟಬಹುದಿತ್ತಂತೆ. ತೂಕ ಇಮ್ಮಡಿಯಾದರೆ ಬೆಲೆ ಇಮ್ಮಡಿಗೆ ನಿಲ್ಲದೆ ಇನ್ನೂ ಮೇಲೇರುತ್ತದಂತೆ. ಚೂರಾದರೆ ಬೇರೆ ಕಲ್ಲುಗಳಿಗೆ ಸಾಣೆ ಹಿಡಿಯುವ ಪುಡಿಯ ಬೆಲೆ, ಅಷ್ಟೇ. ಒಂದು ಪೆಟ್ಟಿಗೆ ವಜ್ರದ ಬೆಲೆ ಇಳಿಯಿತು. ಹೊಡೆದವನ ಬೆಲೆ ಮಾತ್ರ ಊರಿನಲ್ಲಿ ಹಾಗೆಯೇ ಉಳಿಯಿತು. ಅವನು ಹೇಳಿದ್ದೇ ವೇದವಾಯಿತು: ನಿಜವಾದ ಹರಳನ್ನು ಮುಚ್ಚಿಟ್ಟು, ಸುಳ್ಳು ಹರಳನ್ನು ಅವನ ಕೈಯಲ್ಲಿ ಒಡೆಸಿದಳಂತೆ! ಆ ಮನೆಯ ಮದುವೆಗೆ ಕಾಕುವಿಗೆ ಕರೆಯುವ ಅಕ್ಷತೆಯೂ ಬರಲಿಲ್ಲ.

ಬಜಾರಿನಿಂದ ಮರಳುವಾಗ ಕಾಕು ಗೋರೆಗಾಂವ್ ಸ್ಟೇಷನ್ನಿನ ಹೊರಗೆ ಬಳೆ-ಪಿನ್ನು ಮಾರುವವಳ ಹತ್ತಿರ ನಿಂತು, ಒಂದು ಗಾಜಿನ ಹರಳು ಕೊಂಡರು. ಅದನ್ನೇ ಹಳೆಯ ಚಿನ್ನಕ್ಕೆ ಕೂಡಿಸಿ ಹಾಕಿಕೊಂಡರು.

"ಇದು ಖರೇ ಕಾಜು ನೋಡವಾ," ಎಂದರು ನನಗೆ. "ಇದನ್ನ ಯಾರೂ ಪರೀಕ್ಷಾ ಮಾಡಂಗಿಲ್ಲ."

ಕೊನೆಯವರೆಗೂ ಅದು ಅವರ ಮೂಗಿನಲ್ಲಿತ್ತು. ವಜ್ರವಾಗಿದ್ದರೆ ಹೊಳಪು ಹಾಗೇ ಇರುತ್ತಿತ್ತು. ಗಾಜು ಸೆರಗಿಗೆ, ಧೂಳಿಗೆ ಉಜ್ಜಿ ಉಜ್ಜಿ ಮಸುಕಾಯಿತು. ಕಾಕು ತೀರಿಕೊಂಡ ಸುದ್ದಿ ತಿಳಿದು ಊರಿನಿಂದ ಭಾವನ ಮಗ, ಸೊಸೆ ಓಡಿ ಬಂದರು. ಕೊನೆಯ ನೀರೆರೆಯುವ ಮುಂಚೆ ಆ ಸೊಸೆ ಮೂಗುತಿ ಬಿಚ್ಚಿ ಬೆಳಕಿಗೆ ಹಿಡಿದಳು.

"ಅಜ್ಜಿದು. ಮಾಂವನವರು ಸುಳ್ಳು ಹೇಳಿದ್ದಿಲ್ಲ ನೋಡ್ರಿ," ಎಂದು ಗಂಡನಿಗೆ ತೋರಿಸಿದಳು.

ನನ್ನ ಬಾಯಿಗೆ ಮಾತು ಬಂದಿತ್ತು. ಕಾಕುವಿನ ಮುಖ ನೋಡಿದೆ. ಬರಿದಾದ ಆ ಮೂಗು... ಇಟ್ಟುಕೊಳ್ಳಲಿ ಎಂದು ಸುಮ್ಮನಾದೆ.

ಪಕ್ಕದ ಹುಡುಗಿಯ ಚಹಾ ಆಯಿತೆಂದು ಕಾಣುತ್ತದೆ, ಕುಟ್ಟಾಣಿಯ ಸದ್ದು ನಿಂತಿದೆ. ಮೊನ್ನೆ ಧಾರವಾಡದಿಂದ ಬಂದವರು ಹೇಳಿದರು: ಆ ಮೂಗುತಿ ಈಗ ಭಾವನ ಮೊಮ್ಮಗನ ಹೆಂಡತಿಗೆ ಬಂದಿದೆಯಂತೆ, ಮನೆತನದ ವಜ್ರವೆಂದು ದೇವರ ಪೆಟ್ಟಿಗೆಯಲ್ಲಿಟ್ಟು ಪೂಜಿಸುತ್ತಾರಂತೆ. ಕೇಳಿದ್ದರೆ ಕಾಕು ಹೊಟ್ಟೆ ಹಿಡಿದು ನಗುತ್ತಿದ್ದರು. ಹೇಳೋಣವೆಂದರೆ ಅವರಿಲ್ಲ. ಆ ಗಾಜನ್ನು ಇದುವರೆಗೆ ಯಾರೂ ಕುಟ್ಟಿ ನೋಡಿಲ್ಲ.