ಅತ್ತೆ ಬೆಳೆದ ಕುಸುಬೆ ಹೂ

ನಾನು ಬೆಳೆದದ್ದು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ, ಅಪ್ಪನ ಬಟ್ಟೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಹೂವೆಂದರೆ ಕೆಳಗೆ ಕುಳಿತ ಹೂವಾಡಗಿತ್ತಿ ಮೊಳ ಹಾಕಿ ಕೊಡುವುದು, ಅಷ್ಟೇ ಗೊತ್ತಿತ್ತು. ಅದನ್ನು ಬೆಳೆಯಲು ಕಲಿತದ್ದು ಮದುವೆಯಾಗಿ ಹೊನವಾಡಕ್ಕೆ ಬಂದ ಮೇಲೆ, ಅತ್ತೆಯಿಂದ.

ಮಾವ ತೀರಿಕೊಂಡ ವರ್ಷದ ಮಳೆಗಾಲ. ಸುಮ್ಮನೆ ಕುಳಿತರೆ ಅತ್ತೆಗೆ ಮನೆಯೇ ಬೇಡವಾಗುತ್ತಿತ್ತು. ಒಂದು ಬೆಳಿಗ್ಗೆ ಸಲಿಕೆ ತೆಗೆದುಕೊಂಡು, ಮನೆಗೂ ದ್ರಾಕ್ಷಿ ತೋಟಕ್ಕೂ ನಡುವೆ ಖಾಲಿ ಬಿದ್ದಿದ್ದ ಪಟ್ಟಿಯನ್ನು ಅಗೆಯತೊಡಗಿದರು. ಅಲ್ಲಿ ಚೆಂಡು ಹೂ, ಅಸ್ಟರ್, ಒಂದು ಅಂಚಿಗೆ ಸೌತೆ ಹಾಕಿದರು. ಹಿಂಗಾರಿಗೆ ಬೇಲಿಯುದ್ದಕ್ಕೂ ಕುಸುಬೆ ಬಿತ್ತಿದರು. ಹೂವನ್ನು ಬಿಸಿಲೇರುವ ಮೊದಲೇ ಕೊಯ್ದು, ದೇಟುಗಳನ್ನು ಬಕೆಟ್ಟಿನ ನೀರಿಗಿಟ್ಟು, ಬೆಳಗಿನ ಬಸ್ಸಿನಲ್ಲಿ ವಿಜಯಪುರದ ಪೇಟೆಗೆ ಕಳಿಸುತ್ತಿದ್ದೆವು. ನಾನು ಹುರುಪಿನಲ್ಲಿ ಗಿಡ ಬೋಳು ಮಾಡಲು ಹೋದರೆ ಅತ್ತೆ ಕೈ ಹಿಡಿಯುತ್ತಿದ್ದರು.

"ಎಲ್ಲಾ ಕೊಯ್ಯಬ್ಯಾಡವಾ. ಜೇನಹುಳಕ್ಕ ಒಂದಿಷ್ಟು ಬಿಡು. ಅವು ಬರಲಿಲ್ಲಂದ್ರ ಸೌತಿಕಾಯಿ ಹೆಂಗ ಹಿಡೀತಾವ?"

ಇಷ್ಟು ಹೂವಿನ ನಡುವೆ ಇದ್ದರೂ ಅವರ ತುರುಬು ಮಾತ್ರ ಬರಿದು. ಗಂಡ ಹೋದ ಹೆಂಗಸು ಹೂ ಮುಡಿಯುವುದಿಲ್ಲ ಎಂಬುದನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕೊಡುವುದನ್ನು ನಿಲ್ಲಿಸಿಬಿಡುತ್ತಾರೆ. ಒಮ್ಮೆ ನಾನೇ ಒಂದು ನೇರಳೆ ಅಸ್ಟರ್ ಹಿಡಿದು ಅವರ ಹಿಂದೆ ನಿಂತೆ. ಅತ್ತೆ ತಲೆ ಸರಿಸಿದರು. "ಬ್ಯಾಡ. ನನಗೂ ಮನಸ್ಸು ಬರಾಂಗಿಲ್ಲ," ಎಂದು ಮುಂದಿನ ಗಿಡಕ್ಕೆ ಹೋದರು.

ಆ ಚಳಿಗಾಲದಲ್ಲಿ ಬಬಲೇಶ್ವರದಲ್ಲಿ ನನ್ನ ನಾದಿನಿಯ ಕುಬುಸ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ಉಡಿ ತುಂಬುವ ಕಾರ್ಯ. ಮಗಳಿಗೆಂದು ಅತ್ತೆ ನಸುಕಿನಲ್ಲೇ ಎದ್ದು ಒಳ್ಳೊಳ್ಳೆಯ ಹೂ ಆರಿಸಿ ಬುಟ್ಟಿ ತುಂಬಿದ್ದರು. ಅಲ್ಲಿ ಅರಿಶಿನ, ಕುಂಕುಮ, ಹೂವಿನ ತಟ್ಟೆ ಹೆಂಗಸರ ಸಾಲಿನಲ್ಲಿ ಬಂತು. ತಟ್ಟೆ ಹಿಡಿದವಳು ಅತ್ತೆಯ ಹತ್ತಿರ ಬಂದು, ಅಲ್ಲೊಂದು ಕಂಬವಿದೆಯೇನೋ ಎಂಬಂತೆ ಬಳಸಿಕೊಂಡು ಮುಂದೆ ಹೋದಳು. ತಟ್ಟೆಯಲ್ಲಿದ್ದವು ಅತ್ತೆಯೇ ಕೊಯ್ದ ಹೂವು. ಆರತಿ ಹಾಡು ನಡೆದಿತ್ತು. ನಾದಿನಿ ತಾಯಿಯ ಕಡೆ ನೋಡಿದಳು. ಅತ್ತೆ, "ನೆಟ್ಟಗ ಕುಂದರ, ಸೆರಗು ಜಾರತೈತಿ" ಎಂದರು, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತಿದ್ದರು.

ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅವರು ಕುಸುಬೆ ಸಾಲಿನಲ್ಲಿದ್ದರು. ಕುಸುಬೆಯ ಹಳದಿ ಪಕಳೆ ಬಾಡುತ್ತ ಕೆಂಪಿಗೆ ತಿರುಗುತ್ತದೆ. ಆಗ ಮೆಲ್ಲಗೆ ಎಳೆದರೆ ಕೆಳಗಿನ ಕಾಳಿಗೆ ಏನೂ ಆಗುವುದಿಲ್ಲ. ಮುಳ್ಳು ತಾಗದಂತೆ ಬೆರಳಿಗೆ ಹಳೇ ಅರಿವೆ ಸುತ್ತಿಕೊಂಡು ಅತ್ತೆ ಪಕಳೆ ಬಿಡಿಸುತ್ತಿದ್ದರು. ನೋಡನೋಡುತ್ತಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ಅತ್ತಿ, ಹೂ ತಿನ್ನಾಕತ್ತೀರೇನ್ರಿ?"

"ಹೂಂ. ಮುಡೀಬಾರದು ಅಂತಾರ. ತಿನ್ನಬಾರದು ಅಂತ ಯಾರೂ ಅಂದಿಲ್ಲಲ್ಲ!"

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮೊದಲು ನನ್ನನ್ನು ಗುರಾಯಿಸಿದರು, ಆಮೇಲೆ ತಾವೂ ನಕ್ಕರು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡು ಮತ್ತೆ ಕೈ ಹಚ್ಚಿದರು. ಸುತ್ತ ಜೇನುಹುಳಗಳು ಗುಂಯ್ ಎನ್ನುತ್ತಿದ್ದವು.

ಅಂದು ಮಧ್ಯಾಹ್ನ ಆ ಪಕಳೆ ಬಿದ್ದು ನಮ್ಮ ಅನ್ನಕ್ಕೆ ಬಂಗಾರದ ಬಣ್ಣ ಬಂದಿತ್ತು. ಆಮೇಲೆ ಅದೇ ರೂಢಿಯಾಯಿತು. ಹೂವಿನ ಪಟ್ಟಿಯ ಕಡೆ ದ್ರಾಕ್ಷಿಗೆ ಹೊಡೆಯುವ ಔಷಧಿ ಹಾರದಂತೆ ನೋಡಿಕೊಳ್ಳಬೇಕೆಂದು ಮಗನಿಗೆ ತಾಕೀತು ಮಾಡಿದರು. ಪಕಳೆಯನ್ನು ನೆರಳಲ್ಲಿ ಒಣಗಿಸಿ ಡಬ್ಬಿ ತುಂಬಿದರು, ಬಿಸಿನೀರಿಗೆ ಹಾಕಿ ಚಹಾ ಎಂದು ಕೊಟ್ಟರು. ನನ್ನ ಗಂಡ ಬಟ್ಟಲು ನೋಡಿ, "ಹಾಲ ಎಲ್ಲಿ ಬೇ ಯವ್ವಾ?" ಎಂದರೆ, "ಸುಮ್ಮ ಕುಡಿಯೋ" ಎನ್ನುತ್ತಿದ್ದರು.

ಬೇಸಿಗೆಗೆ ಮುಂಚೆ ಒಂದು ದಿನ ನನ್ನನ್ನು ಕರೆದುಕೊಂಡು ಡಬ್ಬಿಯೊಂದಿಗೆ ತಿಕೋಟಾಕ್ಕೆ ಹೋದರು. ಅಲ್ಲಿ ಅವರ ಅಕ್ಕ ಇದ್ದಾರೆ. ಆ ಅಕ್ಕನ ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅತ್ತೆ ತಾವೇ ಒಲೆಯ ಮುಂದೆ ಕುಳಿತು ಚಹಾ ಮಾಡಿ ಅಕ್ಕನ ಕೈಗಿಟ್ಟರು. ಆಕೆ ಒಂದು ಗುಟುಕು ಕುಡಿದು ಮುಖ ಕಿವುಚಿದರು.

"ಇದಕ ರುಚೀನ ಇಲ್ಲಲ್ಲ ಬೇ!"

"ರುಚಿ ಬಿಡಕ್ಕಾ, ಬಣ್ಣ ನೋಡ. ಹೂವಿಂದು!"

ಅಕ್ಕ ಬಟ್ಟಲನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪೂರ್ತಿ ಕುಡಿದು, ಇನ್ನೊಂದು ಬಟ್ಟಲು ಹಾಕು ಎಂದರು.